ಚೌಕಮನೆ ಒಗಟು

ಚೌಕಮನೆ ಒಗಟು ಎಂದರೆ ಅಡ್ಡಸಾಲು ಹಾಗೂ ಕಂಬಸಾಲುಗಳಾಗಿ ಮನೆಗಳನ್ನು ಗೆರೆಯೆಳೆದು ವಿಂಗಡಿಸಿ, ಕೊಟ್ಟಿರುವ ಕೆಲವೇ ಸುಳಿವುಗಳ ಆಧಾರದಿಂದ ಪ್ರತಿಯೊಂದು ಮನೆಯಲ್ಲಿ ಏನಿರಬೇಕೆಂಬುದನ್ನು ತರ್ಕದ ಮೂಲಕ ನಿರ್ಣಯಿಸುವ ಒಗಟು. ಇಂದು ಎಲ್ಲರಿಗೂ ಪರಿಚಿತವಾಗಿರುವ ಸುಡೊಕು ಈ ವರ್ಗದ ಪ್ರಮುಖ ಉದಾಹರಣೆ. ಕಕುರೊ, ಕೆನ್‌ಕೆನ್, ನಾನೊಗ್ರಾಮ್, ಹಿಟೋರಿ ಮುಂತಾದವು ಅದರ ಬಂಧುಗಳು. ಸರಿ ಮತ್ತು ತಪ್ಪು ಗುರುತುಗಳನ್ನು ಹಾಕುತ್ತ 'ಯಾರು, ಎಲ್ಲಿ, ಏನು' ಎಂಬುದನ್ನು ಹೊಂದಿಸುವ ಕೋಷ್ಟಕದ ಒಗಟುಗಳೂ ಇದೇ ಗುಂಪಿಗೆ ಸೇರುತ್ತವೆ. ಕಾಲಕ್ಷೇಪಕ್ಕಾಗಿ ಬಿಡಿಸುವವರು ಬಹಳ ಮಂದಿ. ಮನಸ್ಸಿಗೆ ವ್ಯಾಯಾಮವಾಗಲೆಂದು ಬಿಡಿಸುವವರೂ, ವಿಶೇಷವಾಗಿ ವಯಸ್ಸಾದವರಲ್ಲಿ, ಕಡಿಮೆಯಿಲ್ಲ. ಈ ಎರಡನೆಯ ಉದ್ದೇಶ ಎಷ್ಟರಮಟ್ಟಿಗೆ ಈಡೇರುತ್ತದೆ ಎಂಬುದನ್ನು ಲೇಖನದ ಕೊನೆಯ ಭಾಗದಲ್ಲಿ ಪರಿಶೀಲಿಸಲಾಗಿದೆ.

ಹೆಸರು ಮತ್ತು ಸ್ವರೂಪ

ಗೆರೆಗಳ ನಡುವಿನ ಜಾಗಕ್ಕೆ 'ಮನೆ' ಎನ್ನುವುದು ಕನ್ನಡದಲ್ಲಿ ಹಳೆಯ ರೂಢಿ. ಚದುರಂಗದ ಅರವತ್ತನಾಲ್ಕು ಮನೆ, ಚೌಕಾಬಾರದ ಇಪ್ಪತ್ತೈದು ಮನೆ, ಕಟ್ಟೆಮನೆ, ಸಾಲುಮನೆ ಎಂಬ ಮಾತುಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಆದಕಾರಣ ಈ ಲೇಖನದಲ್ಲಿಯೂ ಅದೇ ಪದವನ್ನು ಬಳಸಲಾಗಿದೆ.

ಪದಬಂಧಕ್ಕೂ ಮನೆಗಳಿವೆ, ಸುಳಿವುಗಳಿವೆ. ಆದರೆ ಪದಬಂಧವನ್ನು ಬಿಡಿಸಲು ಪದಸಂಪತ್ತು ಮತ್ತು ಲೋಕಜ್ಞಾನ ಬೇಕು. ಗೊತ್ತಿಲ್ಲದ ಪದವನ್ನು ಎಷ್ಟು ಯೋಚಿಸಿದರೂ ತರ್ಕದಿಂದ ಪಡೆಯಲಾಗದು. ಚೌಕಮನೆಯ ತರ್ಕದ ಒಗಟಿನಲ್ಲಿ ಬೇಕಾದುದೆಲ್ಲವೂ ಕಾಗದದ ಮೇಲೆಯೇ ಇರುತ್ತದೆ. ಹತ್ತು ವರ್ಷದ ಬಾಲಕಿಯೂ ಎಪ್ಪತ್ತು ವರ್ಷದ ಅಜ್ಜನೂ ಒಂದೇ ನೆಲೆಯಿಂದ ಆರಂಭಿಸುತ್ತಾರೆ. ಸುಡೊಕುವಿನಲ್ಲಿ ಅಂಕಿಗಳಿರುವುದರಿಂದ ಅದು ಗಣಿತದ ಒಗಟು ಎಂಬ ಭಾವನೆ ಸಾಮಾನ್ಯವಾಗಿದ್ದು, ಲೆಕ್ಕಕ್ಕೆ ಹೆದರುವ ಅನೇಕರು ಅದರಿಂದ ದೂರ ಉಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ಅಲ್ಲಿ ಕೂಡುವುದಾಗಲಿ ಕಳೆಯುವುದಾಗಲಿ ಇಲ್ಲ. ಒಂಬತ್ತು ಅಂಕಿಗಳ ಬದಲು ಒಂಬತ್ತು ಬಣ್ಣಗಳನ್ನೋ ನವಧಾನ್ಯಗಳನ್ನೋ ಇಟ್ಟರೂ ಒಗಟು ಕಿಂಚಿತ್ತೂ ಬದಲಾಗದು. ಕಕುರೊ ಮತ್ತು ಕೆನ್‌ಕೆನ್‌ಗಳಲ್ಲಿ ಮಾತ್ರ ಕೂಡುವ, ಗುಣಿಸುವ ಕೆಲಸ ಉಂಟು.

ಕೋಷ್ಟಕದ ಒಗಟು: ಒಂದು ಉದಾಹರಣೆ

ತರ್ಕದ ನಡೆಯನ್ನು ತಿಳಿಯಲು ಅಂಕಿಗಳಿಲ್ಲದ ಒಂದು ಸಣ್ಣ ಒಗಟನ್ನು ನೋಡಬಹುದು. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಿಂದ ಗೌರಿ, ಈರಣ್ಣ, ಸಾವಿತ್ರಿ ಎಂಬ ಮೂವರು ಒಂದೇ ದಿನ ಮೂರು ಬೇರೆ ಬೇರೆ ಊರುಗಳಿಗೆ ಹೋದರೆಂದು ಕಲ್ಪಿಸಿಕೊಳ್ಳೋಣ. ಊರುಗಳು ಅರಸೀಕೆರೆ, ಬೇಲೂರು ಮತ್ತು ಹಳೇಬೀಡು. ಅವರು ತಂದ ವಸ್ತುಗಳು ಕೊಬ್ಬರಿ, ಕಾಫಿಪುಡಿ ಮತ್ತು ಬಳೆ. ಒಬ್ಬೊಬ್ಬರು ಒಂದೊಂದನ್ನು ತಂದಿದ್ದಾರೆ. ಸುಳಿವುಗಳು ನಾಲ್ಕು: ಗೌರಿ ಅರಸೀಕೆರೆಗೆ ಹೋಗಲಿಲ್ಲ. ಅರಸೀಕೆರೆಗೆ ಹೋದವರು ಕೊಬ್ಬರಿ ತಂದರು. ಈರಣ್ಣ ತಂದದ್ದು ಕಾಫಿಪುಡಿ. ಕಾಫಿಪುಡಿ ಬೇಲೂರಿನಿಂದ ಬಂದುದಲ್ಲ.

ಎಡಬದಿಯಲ್ಲಿ ಮೂವರ ಹೆಸರು, ಮೇಲ್ಗಡೆ ಮೂರು ಊರು ಮತ್ತು ಮೂರು ವಸ್ತುಗಳನ್ನು ಬರೆದು ಕೋಷ್ಟಕ ಹಾಕಿಕೊಳ್ಳಬೇಕು. ಈರಣ್ಣನ ಮುಂದೆ ಕಾಫಿಪುಡಿಗೆ ಸರಿ ಗುರುತು ಬೀಳುತ್ತದೆ. ಅರಸೀಕೆರೆಯಿಂದ ಬಂದುದು ಕೊಬ್ಬರಿಯಾದುದರಿಂದ ಈರಣ್ಣ ಅಲ್ಲಿಗೆ ಹೋಗಿಲ್ಲ. ಕಾಫಿಪುಡಿ ಬೇಲೂರಿನದಲ್ಲವಾದ್ದರಿಂದ ಬೇಲೂರಿಗೂ ಹೋಗಿಲ್ಲ. ಹಾಗಾದರೆ ಅವನು ಹೋದದ್ದು ಹಳೇಬೀಡಿಗೆ. ಗೌರಿಗೆ ಅರಸೀಕೆರೆ ಇಲ್ಲ, ಹಳೇಬೀಡು ಈರಣ್ಣನ ಪಾಲಾಯಿತು; ಅವಳಿಗೆ ಉಳಿದದ್ದು ಬೇಲೂರು. ಸಾವಿತ್ರಿ ಅರಸೀಕೆರೆಗೆ ಹೋಗಿ ಕೊಬ್ಬರಿ ತಂದಳು. ಗೌರಿ ತಂದದ್ದು ಬಳೆ.

ಸಾವಿತ್ರಿಯ ಹೆಸರಾಗಲಿ ಬಳೆಯಾಗಲಿ ಹಳೇಬೀಡಾಗಲಿ ಸುಳಿವುಗಳಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. 'ಇದಲ್ಲ' ಎಂಬ ಮಾಹಿತಿಯೇ ಕೂಡುತ್ತ ಕೂಡುತ್ತ 'ಇದು' ಎಂಬ ನಿರ್ಣಯವಾಗುತ್ತದೆ. ಈ ಜಾತಿಯ ಒಗಟುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1962ರ ಡಿಸೆಂಬರ್‌ನಲ್ಲಿ 'ಲೈಫ್ ಇಂಟರ್‌ನ್ಯಾಷನಲ್' ಪತ್ರಿಕೆಯಲ್ಲಿ ಪ್ರಕಟವಾದ ಐದು ಮನೆಗಳ 'ಜೀಬ್ರಾ ಒಗಟು'. ಅದನ್ನು ಐನ್‌ಸ್ಟೈನ್ ಬಾಲ್ಯದಲ್ಲಿ ರಚಿಸಿದನೆಂದು ಹೇಳುವುದುಂಟು. ಅದಕ್ಕೆ ಯಾವ ಆಧಾರವೂ ಇಲ್ಲ.

ಸುಡೊಕುವಿನ ನಿಯಮ ಮತ್ತು ಒಂದೇ ಉತ್ತರದ ಷರತ್ತು

ಸುಡೊಕುವಿನಲ್ಲಿ ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 81 ಮನೆಗಳು. ಇವು ಒಂಬತ್ತೊಂಬತ್ತು ಮನೆಗಳ ಒಂಬತ್ತು ಪೆಟ್ಟಿಗೆಗಳಾಗಿಯೂ ವಿಂಗಡವಾಗಿರುತ್ತವೆ. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಮತ್ತು ಪ್ರತಿ ಪೆಟ್ಟಿಗೆಯಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಮಾತ್ರ ಬರಬೇಕು. ನಿಯಮ ಇಷ್ಟೇ. ಮೊದಲ ಬಾರಿಗೆ ಕಲಿಯುವವರಿಗೆ ನಾಲ್ಕು ಸಾಲುಗಳ, 1ರಿಂದ 4ರವರೆಗಿನ ಅಂಕಿಗಳ ಚಿಕ್ಕ ರೂಪ ಅನುಕೂಲ. ಅದರಲ್ಲಿ ಪೆಟ್ಟಿಗೆಯೊಂದಕ್ಕೆ ನಾಲ್ಕೇ ಮನೆ. ಕೆಳಗಿನ ಉದಾಹರಣೆಯಲ್ಲಿ ಗೆರೆಯು ಖಾಲಿ ಮನೆಯನ್ನು ಸೂಚಿಸುತ್ತದೆ.

1 – – 4
– – 1 –
– 1 – –
– – 2 –

ಮೂರನೆಯ ಕಂಬಸಾಲಿನಲ್ಲಿ 1 ಮತ್ತು 2 ಆಗಲೇ ಇವೆ. ಉಳಿದ ಎರಡು ಮನೆಗಳಿಗೆ 3 ಮತ್ತು 4 ಬೇಕು. ಮೊದಲ ಅಡ್ಡಸಾಲಿನಲ್ಲಿ 4 ಇರುವುದರಿಂದ ಆ ಸಾಲಿನ ಮೂರನೆಯ ಮನೆಗೆ 3 ಬಿತ್ತು, ಮೂರನೆಯ ಅಡ್ಡಸಾಲಿನ ಮೂರನೆಯ ಮನೆಗೆ 4. ಮೊದಲ ಅಡ್ಡಸಾಲಿನಲ್ಲಿ ಉಳಿದ ಮನೆಗೆ 2. ಮೇಲ್ಭಾಗದ ಬಲಗಡೆಯ ಪೆಟ್ಟಿಗೆಯಲ್ಲಿ ಈಗ 3, 4, 1 ಇರುವುದರಿಂದ ಉಳಿದ ಮನೆಗೆ 2. ಕೊನೆಯ ಕಂಬಸಾಲಿನಲ್ಲಿ 4 ಮತ್ತು 2 ಬಂದಾಯಿತು. ಮೂರನೆಯ ಅಡ್ಡಸಾಲಿನಲ್ಲಿ 1 ಇರುವ ಕಾರಣ ಅಲ್ಲಿಗೆ 3, ಅದರ ಕೆಳಗೆ 1. ಮೂರನೆಯ ಅಡ್ಡಸಾಲಿನ ಮೊದಲ ಮನೆಗೆ 2 ಉಳಿಯಿತು. ಇಲ್ಲಿಗೆ ಬರುವ ಹೊತ್ತಿಗೆ ಹಾಸು ಹೀಗಿರುತ್ತದೆ:

1 2 3 4
– – 1 2
2 1 4 3
– – 2 1

ಈಗ ನಾಲ್ಕು ಮನೆಗಳು ಉಳಿದಿವೆ, ನಾಲ್ಕಕ್ಕೂ 3 ಅಥವಾ 4 ಸಲ್ಲುತ್ತದೆ. ಎರಡನೆಯ ಅಡ್ಡಸಾಲಿನಲ್ಲಿ 3, 4 ಎಂದು ಬರೆದು ನಾಲ್ಕನೆಯದರಲ್ಲಿ 4, 3 ಎಂದು ಬರೆದರೂ ಸರಿ. ಅದನ್ನೇ ತಿರುವು ಮುರುವು ಮಾಡಿದರೂ ಸರಿ. ಎಷ್ಟೇ ಯೋಚಿಸಿದರೂ ಈ ಎರಡರಲ್ಲಿ ಒಂದನ್ನು ಆರಿಸಲು ಕಾರಣ ದೊರೆಯದು, ಏಕೆಂದರೆ ಕಾರಣ ಅಲ್ಲಿ ಇಲ್ಲವೇ ಇಲ್ಲ. ಒಗಟು ಕಟ್ಟಿದವರು ನಾಲ್ಕನೆಯ ಅಡ್ಡಸಾಲಿನ ಮೊದಲ ಮನೆಗೆ 4 ಎಂಬ ಇನ್ನೊಂದು ಸುಳಿವನ್ನು ಮೊದಲೇ ಕೊಟ್ಟಿದ್ದರೆ ಉಳಿದ ಮೂರು ಮನೆಗಳು ತಾವಾಗಿಯೇ ತುಂಬುತ್ತಿದ್ದವು. ಸರಿಯಾದ ಸುಡೊಕುವಿಗೆ ಒಂದೇ ಉತ್ತರವಿರಬೇಕೆಂಬ ಷರತ್ತು ಇದರಿಂದಲೇ ಬಂದದ್ದು. ಎರಡು ಉತ್ತರಗಳಿರುವ ಹಾಸು ಬಿಡಿಸುವವರ ದೋಷವಲ್ಲ, ಕಟ್ಟಿದವರ ದೋಷ. ಗಂಟೆಗಟ್ಟಲೆ ತಲೆಕೆಡಿಸಿಕೊಂಡು ತಮ್ಮ ಬುದ್ಧಿಯನ್ನೇ ಅನುಮಾನಿಸುವ ಮಕ್ಕಳಿಗೆ ಈ ಮಾತನ್ನು ತಿಳಿಸಿಕೊಡಬೇಕಾದುದು ಅಗತ್ಯ.

ಒಂಬತ್ತು ಸಾಲಿನ ಸುಡೊಕುವನ್ನು ಸಂಪೂರ್ಣವಾಗಿ ತುಂಬಬಹುದಾದ ಬಗೆಗಳು 6,670,903,752,021,072,936,960 ಎಂದು 2005ರಲ್ಲಿ ಫೆಲ್ಗೆನ್‌ಹಾವರ್ ಮತ್ತು ಜಾರ್ವಿಸ್ ಲೆಕ್ಕ ಹಾಕಿದರು. ಕೋಟಿಯನ್ನು ಕೋಟಿಯಿಂದ, ಬಂದುದನ್ನು ಮತ್ತೊಮ್ಮೆ ಕೋಟಿಯಿಂದ ಗುಣಿಸಿದರೆ ಸಿಗುವ ಸಂಖ್ಯೆಯ ಆರೂವರೆ ಪಟ್ಟಿಗಿಂತಲೂ ಇದು ಹೆಚ್ಚು. ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಸುಳಿವುಗಳು ಬೇಕೇ ಬೇಕು, 16 ಸಾಲದು ಎಂಬುದನ್ನು ಡಬ್ಲಿನ್‌ನ ಗ್ಯಾರಿ ಮೆಕ್‌ಗ್ವೈರ್ ಮತ್ತು ಸಂಗಡಿಗರು 2012ರಲ್ಲಿ ಗಣಕಯಂತ್ರದ ನೆರವಿನಿಂದ ತೋರಿಸಿದರು. ಸುಳಿವು ಕಡಿಮೆಯಾದಷ್ಟೂ ಒಗಟು ಕಠಿಣ ಎಂಬ ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ. ಸುಳಿವುಗಳು ಎಲ್ಲಿವೆ ಎಂಬುದರ ಮೇಲೆ ಕಾಠಿಣ್ಯ ನಿಂತಿದೆ.

ಬಿಡಿಸುವ ಕ್ರಮ

ಮೊದಲ ಹೆಜ್ಜೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು. 'ಈ ಮನೆಗೆ ಯಾವ ಅಂಕಿ ಸಲ್ಲುತ್ತದೆ' ಎಂಬುದು ಒಂದು. 'ಈ ಪೆಟ್ಟಿಗೆಯಲ್ಲಿ 7 ಎಲ್ಲಿ ಕೂರಬಲ್ಲದು' ಎಂಬುದು ಇನ್ನೊಂದು. ಹೊಸಬರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕೇಳಿಕೊಂಡು ದಾರಿ ಕಾಣದೆ ನಿಲ್ಲುತ್ತಾರೆ. ಎರಡನೆಯ ಪ್ರಶ್ನೆ ಸುಲಭವೂ ಫಲಕಾರಿಯೂ ಆಗಿದೆ: ಪಕ್ಕದ ಎರಡು ಪೆಟ್ಟಿಗೆಗಳಲ್ಲಿರುವ 7ಗಳು ತಮ್ಮ ಸಾಲುಗಳನ್ನು ಮುಚ್ಚುತ್ತವೆ, ಉಳಿದ ಸಾಲಿನಲ್ಲಿ ಒಂದೇ ಮನೆ ಖಾಲಿಯಿದ್ದರೆ ಕೆಲಸ ಮುಗಿಯಿತು.

ಇವೆರಡೂ ನಿಂತಾಗ ಖಾಲಿ ಮನೆಗಳ ಮೂಲೆಯಲ್ಲಿ ಸಲ್ಲಬಹುದಾದ ಅಂಕಿಗಳನ್ನು ಚಿಕ್ಕದಾಗಿ ಬರೆದಿಟ್ಟುಕೊಳ್ಳಬೇಕು. ಒಂದು ಸಾಲಿನ ಎರಡು ಮನೆಗಳಲ್ಲಿ 2 ಮತ್ತು 5 ಮಾತ್ರ ಉಳಿದಿವೆ ಎನ್ನೋಣ. ಯಾವುದರಲ್ಲಿ ಯಾವುದು ಎಂಬುದು ಇನ್ನೂ ತಿಳಿಯದಿದ್ದರೂ 2 ಮತ್ತು 5 ಆ ಎರಡು ಮನೆಗಳಿಗೇ ಮೀಸಲಾದವು. ಆ ಸಾಲಿನ ಉಳಿದ ಮನೆಗಳಿಂದ ಅವನ್ನು ಹೊಡೆದುಹಾಕಬಹುದು. ಪೂರ್ತಿ ತಿಳಿಯದ ಸಂಗತಿಯಿಂದಲೂ ನಿಶ್ಚಿತವಾದ ತೀರ್ಮಾನ ಪಡೆಯುವ ಈ ಉಪಾಯವೇ ಮಧ್ಯಮ ಮಟ್ಟದ ಒಗಟುಗಳಿಗೆ ಬೀಗದ ಕೈ.

ಊಹೆಯಿಂದ ಅಂಕಿ ತುಂಬುವುದು ಈ ಒಗಟಿನ ಪ್ರಯೋಜನವನ್ನೇ ಕೆಡಿಸುತ್ತದೆ. ಊಹೆ ತಪ್ಪಾಗಿದ್ದರೆ ಅದು ಹತ್ತು ಹದಿನೈದು ಮನೆಗಳು ತುಂಬಿದ ಮೇಲೆ ಬಯಲಾಗುತ್ತದೆ, ಆಗ ಎಲ್ಲಿಂದ ಅಳಿಸಬೇಕೆಂಬುದು ತಿಳಿಯದು. 'ಇಲ್ಲಿ 3 ಎಂದಿಟ್ಟುಕೊಂಡರೆ ವಿರೋಧ ಬರುತ್ತದೆಯೇ' ಎಂದು ಪರೀಕ್ಷಿಸುವುದು ಊಹೆಯಲ್ಲ. ರೇಖಾಗಣಿತದಲ್ಲಿ ಬರುವ ವಿರೋಧಾಭಾಸದ ಸಾಧನೆಯೇ ಅದು. ಪೆನ್ಸಿಲ್ ಮತ್ತು ರಬ್ಬರ್ ಹಿಡಿದು ಕೂರುವುದು ವಾಸಿ. ಪೆನ್ನಿನಲ್ಲಿ ತುಂಬುವುದು ಶೌರ್ಯವೆಂದು ಭಾವಿಸುವವರಿದ್ದಾರೆ, ಅದರಿಂದ ಕಾಗದ ಹಾಳಾಗುವುದಲ್ಲದೆ ಬೇರೆ ಲಾಭ ಕಾಣದು.

ಕನ್ನಡ ನಾಡಿನಲ್ಲಿ ಮನೆಗಳ ಆಟಗಳು

ಸುಡೊಕು ಹೊರಗಿನಿಂದ ಬಂದದ್ದಾದರೂ ಗೆರೆಯೆಳೆದ ಮನೆಗಳ ಮೇಲೆ ಯೋಚಿಸುವ ಅಭ್ಯಾಸ ಈ ನಾಡಿಗೆ ಹೊಸದಲ್ಲ. ಕರ್ನಾಟಕದ ಹಲವು ಪುರಾತನ ದೇವಾಲಯಗಳ ಜಗಲಿ ಹಾಗೂ ನೆಲಗಲ್ಲುಗಳ ಮೇಲೆ ಸಾಲುಮನೆ, ಹುಲಿ-ಕುರಿ ಆಟಗಳ ಹಾಸುಗಳನ್ನು ಕೊರೆದಿರುವುದು ಕಾಣುತ್ತದೆ. ಸಾಲುಮನೆಗೆ ನವಕಂಕರಿ ಎಂಬ ಹೆಸರೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಚದುರಂಗದ ವರ್ಣನೆಯಿದೆ. ಹಾರನಹಳ್ಳಿಯ ಚೆನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳು ಹೊಯ್ಸಳರ ಕಾಲದಲ್ಲಿ ಎದ್ದದ್ದು ಅದರ ಮುಂದಿನ ಶತಮಾನದಲ್ಲಿ.

ಇವು ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ ಆಡುವ ಆಟಗಳು. ಚೌಕಾಬಾರದಲ್ಲಂತೂ ಕವಡೆಯ ಅದೃಷ್ಟಕ್ಕೂ ಪಾಲುಂಟು. ಒಬ್ಬರೇ ಕುಳಿತು ಬಿಡಿಸುವ ಒಗಟಿಗೆ ಹತ್ತಿರವಾದುದು ಕನ್ನಡದ 'ಸಿರಿಭೂವಲಯ'. ಕುಮುದೇಂದು ಮುನಿಯ ಹೆಸರಿನಲ್ಲಿರುವ ಈ ಕೃತಿ ಅಕ್ಷರಗಳಲ್ಲಿಲ್ಲ, ಅಂಕಿಗಳಲ್ಲಿದೆ. ಪ್ರತಿ ಚಕ್ರದಲ್ಲಿ 27 ಅಡ್ಡಸಾಲು, 27 ಕಂಬಸಾಲು, ಒಟ್ಟು 729 ಮನೆಗಳಿದ್ದು, 1ರಿಂದ 64ರವರೆಗಿನ ಅಂಕಿಗಳು ಅಕ್ಷರಗಳನ್ನು ಸೂಚಿಸುತ್ತವೆ. ಯಾವ ಬಂಧದಲ್ಲಿ, ಎಂದರೆ ಯಾವ ದಾರಿಯಲ್ಲಿ ಮನೆಯಿಂದ ಮನೆಗೆ ಸಾಗಬೇಕೆಂಬುದು ತಿಳಿದರೆ ಪದ್ಯ ಹೊರಡುತ್ತದೆ. ಪಂಡಿತ ಯಲ್ಲಪ್ಪ ಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಇದರ ಭಾಗವು 1953ರಲ್ಲಿ ಅಚ್ಚಾಯಿತು. ಕೃತಿಯ ಕಾಲದ ಬಗ್ಗೆಯೂ ಅದರೊಳಗಿದೆಯೆನ್ನುವ ವಿಷಯಗಳ ಬಗ್ಗೆಯೂ ವಿದ್ವಾಂಸರಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ. ಒಗಟಿನ ದೃಷ್ಟಿಯಿಂದ ನೋಡಿದರೆ ಇದು ತರ್ಕದ ಒಗಟಿಗಿಂತ ಗೂಢಲಿಪಿಗೆ ಹೆಚ್ಚು ಸಮೀಪ: ಕೀಲಿ ಗೊತ್ತಿದ್ದವರಿಗೆ ತೆರೆಯುತ್ತದೆ, ಗೊತ್ತಿಲ್ಲದವರು ಹಾಸಿನೊಳಗಿನ ಸುಳಿವುಗಳಿಂದಲೇ ಅದನ್ನು ನಿರ್ಣಯಿಸಲಾರರು.

ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ಕುದುರೆ ನಡೆ

ಕರ್ನಾಟಕದಲ್ಲಿ ಚೌಕಮನೆಯ ಒಗಟನ್ನು ಒಂದು ಸಾಧನೆಯಾಗಿ ಬೆಳೆಸಿದವರೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 1799ರಲ್ಲಿ ಐದು ವರ್ಷದ ಬಾಲಕನಾಗಿದ್ದಾಗ ಪಟ್ಟಕ್ಕೆ ಬಂದ ಅವರ ಕೈಯಿಂದ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕಸಿದುಕೊಂಡರು. ಅರಸುತನದ ಹೆಸರು ಉಳಿಯಿತು, ಅಧಿಕಾರ ಉಳಿಯಲಿಲ್ಲ. ಬದುಕಿರುವವರೆಗೆ ಅದು ಮರಳಿ ಬರಲೂ ಇಲ್ಲ. ಆ ಮೂವತ್ತೇಳು ವರ್ಷಗಳಲ್ಲಿ ಅರಮನೆ ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಆಶ್ರಯವಾಯಿತು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನ ದೊರೆತಿದೆ. ಚದುರಂಗದ ಕುರಿತಾಗಿ 'ಚತುರಂಗ ಸಾರ ಸರ್ವಸ್ವ' ಎಂಬ ಕೃತಿ ಅವರ ಹೆಸರಿನಲ್ಲಿದೆ.

ಅವರ ಆಸಕ್ತಿಯ ಒಗಟು ಕುದುರೆ ನಡೆ. ಚದುರಂಗದ ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ಖಾಲಿ ಹಾಸಿನ ಮೇಲೆ ಒಂದೇ ಕುದುರೆಯನ್ನಿಟ್ಟು, ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಸಬೇಕು. ಕೊನೆಯ ಮನೆಯಿಂದ ಒಂದೇ ನೆಗೆತಕ್ಕೆ ಹೊರಟ ಮನೆಗೆ ಮರಳುವಂತಾದರೆ ಅದು ಮುಚ್ಚಿದ ನಡೆ. ಈ ಕಲ್ಪನೆ ಭಾರತದಲ್ಲಿ ಬಹು ಹಳೆಯದು. 9ನೆಯ ಶತಮಾನದ ಕಾಶ್ಮೀರದ ರುದ್ರಟನ 'ಕಾವ್ಯಾಲಂಕಾರ'ದಲ್ಲಿ ಅರ್ಧ ಹಾಸಿನ 32 ಮನೆಗಳಲ್ಲಿ ಅಕ್ಷರಗಳನ್ನಿಟ್ಟ ತುರಗಪದ ಬಂಧವಿದೆ. ನೇರವಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುತ್ತದೆ. ವೇದಾಂತ ದೇಶಿಕರ 'ಪಾದುಕಾಸಹಸ್ರ'ದಲ್ಲಿ ಒಂದು ಶ್ಲೋಕವನ್ನು ಕುದುರೆಯ ನಡೆಯಲ್ಲಿ ಓದಿದರೆ ಮುಂದಿನ ಶ್ಲೋಕ ದೊರೆಯುತ್ತದೆ.

ಮುಮ್ಮಡಿಯವರು ಇದಕ್ಕೆ ಇನ್ನೊಂದು ಕಟ್ಟುಪಾಡನ್ನು ಸೇರಿಸಿದ ನಡೆಗಳನ್ನೂ ರಚಿಸಿದರು. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟಾಗ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಕಂಬಸಾಲಿನ ಮೊತ್ತ 260 ಆಗಬೇಕು. ಕುದುರೆಯ ನಡೆಯೂ ತಪ್ಪಬಾರದು, ಮಾಯಾಚೌಕದ ಮೊತ್ತವೂ ಕೆಡಬಾರದು. ಯೂರೋಪಿನಲ್ಲಿ ಇಂತಹ ಮೊದಲ ನಡೆಯನ್ನು ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ. ಎಂಟು ಸಾಲಿನ ಹಾಸಿನಲ್ಲಿ ಮೂಲೆಯಿಂದ ಮೂಲೆಯ ಕರ್ಣಗಳ ಮೊತ್ತವೂ 260 ಆಗುವಂಥ ಕುದುರೆ ನಡೆ ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಗಣಕಯಂತ್ರಗಳು 61 ದಿನಗಳಷ್ಟು ಕಾಲ ಎಲ್ಲ ಸಾಧ್ಯತೆಗಳನ್ನೂ ಶೋಧಿಸಿ, ಅದು ಸಾಧ್ಯವಿಲ್ಲವೆಂದು 2003ರ ಆಗಸ್ಟ್‌ನಲ್ಲಿ ಉತ್ತರ ಕೊಟ್ಟವು. ಸಾಲುಗಳ ಮೊತ್ತ ಮಾತ್ರ ಕೂಡಿಬರುವ ನಡೆಗಳು ಮೂಲತಃ 140 ಬಗೆಯವು ಎಂಬುದೂ ಆಗಲೇ ತಿಳಿಯಿತು. ಸಾಧಾರಣ ಮುಚ್ಚಿದ ನಡೆಗಳ ಸಂಖ್ಯೆ, ದಿಕ್ಕನ್ನು ಗಣಿಸದೆ, 13,267,364,410,532. ಹದಿಮೂರು ಲಕ್ಷ ಕೋಟಿಗೂ ಮಿಕ್ಕಿದ ಆ ರಾಶಿಯ ನಡುವೆ ಮೊತ್ತ ಕೂಡಿಬರುವವು ಎಷ್ಟು ವಿರಳವೆಂಬುದನ್ನು ನೆನೆದರೆ, ಕಾಗದ ಲೇಖನಿಗಳಷ್ಟೇ ಇದ್ದ ಕಾಲದ ಆ ಶ್ರಮದ ಬೆಲೆ ತಿಳಿಯುತ್ತದೆ.

ಮನೆಯಲ್ಲಿ ಪ್ರಯತ್ನಿಸುವವರಿಗೆ 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬಾತ ಸೂಚಿಸಿದ ಸೂತ್ರ ನೆರವಾಗುತ್ತದೆ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳು ಉಳಿದಿರುವ ಮನೆಗೇ ಮೊದಲು ನೆಗೆಯಬೇಕು. ಮೂಲೆಯ ಮನೆಗಳನ್ನು ಕೊನೆಗೆ ಬಿಟ್ಟುಕೊಂಡರೆ ಅವು ಸಿಗದೇ ಹೋಗುವುದೇ ಹೆಚ್ಚು.

ಬರಿಯ ತರ್ಕದ ಬಲವನ್ನು ಕಾಣಬೇಕಾದರೆ ಚೌಕಾಬಾರದ 25 ಮನೆಗಳ ಹಾಸು ಸಾಕು. ಅದರ ಮೇಲೆ ಕುದುರೆ ಎಲ್ಲ ಮನೆಗಳನ್ನೂ ಸುತ್ತಿ ಹೊರಟ ಮನೆಗೆ ಮರಳಬಲ್ಲದೇ? ಒಂದೂ ನಡೆಯನ್ನು ಪರೀಕ್ಷಿಸದೆ 'ಇಲ್ಲ' ಎನ್ನಬಹುದು. ಮನೆಗಳಿಗೆ ಒಂದು ಬಿಟ್ಟು ಒಂದರಂತೆ ಕಪ್ಪು ಬಿಳಿ ಬಣ್ಣ ಕೊಟ್ಟರೆ ಕುದುರೆ ಪ್ರತಿ ನೆಗೆತದಲ್ಲಿಯೂ ಬಣ್ಣ ಬದಲಾಯಿಸುತ್ತದೆ. ಹೊರಟ ಬಣ್ಣಕ್ಕೇ ಮರಳಬೇಕಾದರೆ ನೆಗೆತಗಳ ಸಂಖ್ಯೆ ಸಮವಾಗಿರಬೇಕು. ಇಲ್ಲಿ ಬೇಕಾದ ನೆಗೆತಗಳು 25, ಅದು ಬೆಸ. ಶಾಲೆಯ ಮಕ್ಕಳಿಗೆ 'ಸಾಧ್ಯವಿಲ್ಲ' ಎಂಬುದನ್ನೂ ಸಾಧಿಸಿ ತೋರಿಸಬಹುದೆಂದು ಕಲಿಸಲು ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ.

ಆಧುನಿಕ ಸುಡೊಕುವಿನ ಹುಟ್ಟು

ಸಾಲು ಸಾಲಿನಲ್ಲಿ ಒಂದೇ ಚಿಹ್ನೆ ಎರಡು ಸಲ ಬಾರದ ಚೌಕಗಳನ್ನು ಲ್ಯಾಟಿನ್ ಚೌಕಗಳೆನ್ನುತ್ತಾರೆ. ಅವನ್ನು ಆಯ್ಲರ್ 18ನೆಯ ಶತಮಾನದಲ್ಲಿ ವಿಸ್ತಾರವಾಗಿ ಅಭ್ಯಸಿಸಿದ. ಅವುಗಳ ಜೋಡಿಗಳ ಬಗ್ಗೆ ಆತ ಮಾಡಿದ್ದ ಒಂದು ಊಹೆಯನ್ನು 1959ರಲ್ಲಿ ಸುಳ್ಳೆಂದು ತೋರಿಸಿದ ಮೂವರಲ್ಲಿ ಆರ್. ಸಿ. ಬೋಸ್ ಮತ್ತು ಎಸ್. ಎಸ್. ಶ್ರೀಖಂಡೆ ಭಾರತೀಯರು, ಮೂರನೆಯವರು ಇ. ಟಿ. ಪಾರ್ಕರ್. ಪೆಟ್ಟಿಗೆಗಳ ನಿಯಮವನ್ನು ಸೇರಿಸಿದ ಒಗಟು 1979ರಲ್ಲಿ ಅಮೆರಿಕದ ಡೆಲ್ ಸಂಸ್ಥೆಯ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಿನಿಂದ ಬಂತು. ಅದರ ಕರ್ತೃ ವಾಸ್ತುಶಿಲ್ಪಿ ಹೊವರ್ಡ್ ಗಾರ್ನ್ಸ್ ಎಂದು ನಂಬಲಾಗಿದೆ. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿತು. ಸುಡೊಕು ಎಂಬ ಹೆಸರು ಅಲ್ಲಿಯದು. ಹಾಂಗ್‌ಕಾಂಗ್‌ನ ನಿವೃತ್ತ ನ್ಯಾಯಾಧೀಶ ವೇನ್ ಗೌಲ್ಡ್ ಟೋಕಿಯೊದಲ್ಲಿ ಇದನ್ನು ಕಂಡು, ಒಗಟುಗಳನ್ನು ತಯಾರಿಸುವ ಗಣಕ ಕಾರ್ಯಕ್ರಮ ಬರೆದ. 2004ರ ನವೆಂಬರ್‌ನಲ್ಲಿ ಲಂಡನ್ನಿನ 'ಟೈಮ್ಸ್' ಅದನ್ನು ಪ್ರಕಟಿಸತೊಡಗಿದ ಮೇಲೆ ಪ್ರಪಂಚದಾದ್ಯಂತ ಪತ್ರಿಕೆಗಳು ಹಿಂಬಾಲಿಸಿದವು. ಕನ್ನಡ ಪತ್ರಿಕೆಗಳಲ್ಲಿ ಪದಬಂಧದ ಪಕ್ಕದಲ್ಲಿ ಸುಡೊಕುವಿಗೂ ಜಾಗ ದೊರೆಯಿತು.

ಮನಸ್ಸಿನ ವ್ಯಾಯಾಮ: ತಿಳಿದಿರುವುದೇನು

'ದಿನಕ್ಕೊಂದು ಸುಡೊಕು ಬಿಡಿಸಿದರೆ ಮರೆವಿನ ಕಾಯಿಲೆ ಬಾರದು' ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಇದನ್ನು ನಂಬಿ ನೆಮ್ಮದಿಯಿಂದಿರುವವರೂ, ಬಿಡಿಸಲಾರದೆ ತಮಗೆ ಆ ಕಾಯಿಲೆ ಬಂದೇಬಿಟ್ಟಿತೆಂದು ಹೆದರುವವರೂ ಇರುವುದರಿಂದ ವಿಷಯವನ್ನು ಎಚ್ಚರದಿಂದ ನೋಡಬೇಕು.

ಬ್ರಿಟನ್ನಿನಲ್ಲಿ 50ರಿಂದ 93 ವರ್ಷ ವಯಸ್ಸಿನ 19,000ಕ್ಕೂ ಹೆಚ್ಚು ಮಂದಿಯ ಮಾಹಿತಿಯಿಂದ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಕಿಯ ಒಗಟುಗಳನ್ನು ಹೆಚ್ಚಾಗಿ ಬಿಡಿಸುವವರು ಗಮನ, ನೆನಪು, ತರ್ಕಗಳ ಪರೀಕ್ಷೆಗಳಲ್ಲಿ ಮುಂದಿದ್ದರು. ಆದರೆ ಒಗಟಿನಿಂದ ಬುದ್ಧಿ ಚುರುಕಾಯಿತೋ, ಬುದ್ಧಿ ಚುರುಕಾಗಿದ್ದವರು ಒಗಟಿನ ಕಡೆ ಒಲಿದರೋ ಎಂಬುದನ್ನು ಇಂತಹ ಅಧ್ಯಯನ ಹೇಳಲಾರದು. ಅದಕ್ಕೆ ಹಿಂದಿನ ವರ್ಷ, 1936ರಲ್ಲಿ ಜನಿಸಿದ 498 ಮಂದಿಯನ್ನು ಕುರಿತು ಸ್ಕಾಟ್‌ಲೆಂಡಿನ ಅಬರ್ಡೀನ್‌ನಿಂದ ಬಂದ ವರದಿ ಈ ಗಂಟನ್ನು ಸ್ವಲ್ಪ ಬಿಡಿಸುತ್ತದೆ. ಬೌದ್ಧಿಕ ಚಟುವಟಿಕೆಯಲ್ಲಿ ತೊಡಗಿದವರು ಮುಪ್ಪನ್ನು ಪ್ರವೇಶಿಸುವಾಗ ಎತ್ತರದ ಮಟ್ಟದಲ್ಲಿದ್ದರು. ಅಲ್ಲಿಂದ ಇಳಿಯುವ ವೇಗ ಮಾತ್ರ ಉಳಿದವರಷ್ಟೇ ಇತ್ತು. ಬೆಟ್ಟದ ಮೇಲಿನ ಮೆಟ್ಟಿಲಿನಿಂದ ಇಳಿಯಲಾರಂಭಿಸಿದವನು ತಳ ಮುಟ್ಟುವುದು ತಡವಾಗಿ ಎಂಬಷ್ಟು ಲಾಭವನ್ನು ಇದರಿಂದ ನಿರೀಕ್ಷಿಸಬಹುದು.

ಅಮೆರಿಕದಲ್ಲಿ 65 ದಾಟಿದ 2,832 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ನೆನಪು, ತರ್ಕ, ವೇಗ ಇವುಗಳಲ್ಲಿ ಒಂದೊಂದರ ತರಬೇತಿ ಕೊಟ್ಟ ಪ್ರಯೋಗ ಇನ್ನೂ ಸ್ಪಷ್ಟವಾದುದು. ತರ್ಕದ ತರಬೇತಿ ಪಡೆದವರು ತರ್ಕದಲ್ಲಿ ಸುಧಾರಿಸಿದರು, ಆ ಲಾಭ ಹತ್ತು ವರ್ಷಗಳ ನಂತರವೂ ಒಂದಿಷ್ಟು ಉಳಿದಿತ್ತು. ಆದರೆ ತರ್ಕದ ತರಬೇತಿಯಿಂದ ನೆನಪು ಸುಧಾರಿಸಲಿಲ್ಲ. ಈಜು ಕಲಿತರೆ ಈಜು ಬರುತ್ತದೆ, ಸೈಕಲ್ ಬರುವುದಿಲ್ಲ. ಇದನ್ನು ಮರೆಮಾಚಿ ಲಾಭ ಪಡೆಯುವ ವ್ಯಾಪಾರವೂ ಉಂಟು: 'ಲುಮೊಸಿಟಿ' ಎಂಬ ಮೆದುಳಿನ ಆಟಗಳ ಕಂಪನಿಯು ಆಧಾರವಿಲ್ಲದ ಜಾಹೀರಾತಿನ ಆರೋಪವನ್ನು ಇತ್ಯರ್ಥಪಡಿಸಿಕೊಳ್ಳಲು 2016ರಲ್ಲಿ ಅಮೆರಿಕ ಸರ್ಕಾರಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ದೈಹಿಕ ಚಟುವಟಿಕೆಯನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಬುದ್ಧಿಯ ತರಬೇತಿಯ ವಿಷಯದಲ್ಲಿ ಆಧಾರ ದುರ್ಬಲವಾಗಿದೆ ಎಂದು ಹೇಳಿ, 'ನೀಡಬಹುದು' ಎನ್ನುವಷ್ಟಕ್ಕೆ ನಿಲ್ಲುತ್ತದೆ. ಬೆಳಗಿನ ನಡಿಗೆಯನ್ನು ಬಿಟ್ಟು ಸುಡೊಕು ಹಿಡಿದು ಕೂರುವವರು ಹೆಚ್ಚಿನದನ್ನು ಕೊಟ್ಟು ಕಡಿಮೆಯದನ್ನು ಕೊಳ್ಳುತ್ತಿದ್ದಾರೆಂದೇ ಹೇಳಬೇಕು. ಇನ್ನೊಂದು ಕುತೂಹಲದ ಸಂಗತಿ: ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಿಗೆ ಡಿಮೆನ್ಷಿಯಾ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಮನಸ್ಸಿನ ವ್ಯಾಯಾಮ ಕಾಗದದ ಮೇಲೆಯೇ ನಡೆಯಬೇಕೆಂದೇನೂ ಇಲ್ಲ.

ಹೊಸಬರು ಒಗಟಿನಲ್ಲಿ ಸಿಲುಕುವುದು ರೋಗಲಕ್ಷಣವಲ್ಲ. ವರ್ಷಗಳಿಂದ ಸಲೀಸಾಗಿ ಬಿಡಿಸುತ್ತಿದ್ದವರು ನಿಯಮವನ್ನೇ ಮರೆಯತೊಡಗಿದರೆ, ಪರಿಚಿತ ದಾರಿ ತಪ್ಪುತ್ತಿದ್ದರೆ, ಹಣದ ಲೆಕ್ಕ ಹಿಡಿಯಲಾಗದಿದ್ದರೆ, 'ಇನ್ನಷ್ಟು ಒಗಟು ಬಿಡಿಸಿ' ಎಂದು ಮನೆಯವರು ಸುಮ್ಮನಾಗಬಾರದು, ವೈದ್ಯರಿಗೆ ತೋರಿಸಬೇಕು. ಇಂತಹ ತೊಂದರೆಗಳಲ್ಲಿ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಮೊದಲಾದ ಚಿಕಿತ್ಸೆಗೆ ಒಗ್ಗುವ ಕಾರಣಗಳೂ ಇರುತ್ತವೆ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಿವೆ.

ತರಗತಿಯಲ್ಲಿ

ಚೌಕಮನೆ ಒಗಟಿಗೆ ಕರಿಹಲಗೆ ಮತ್ತು ಸೀಮೆಸುಣ್ಣ ಸಾಕು. ಉತ್ತರ ತುಂಬುವುದಕ್ಕಿಂತ ಕಾರಣ ಹೇಳಿಸುವುದು ಮುಖ್ಯ. 'ಇಲ್ಲಿ 3' ಎಂದ ವಿದ್ಯಾರ್ಥಿ 'ಏಕೆಂದರೆ' ಎಂದು ವಾಕ್ಯವನ್ನು ಮುಗಿಸಬೇಕು. ಕಾರಣವಿಲ್ಲದ ಸರಿಯುತ್ತರವನ್ನು ಒಪ್ಪಬಾರದು. ಇದರಿಂದ ಗಣಿತಕ್ಕಿಂತಲೂ ಭಾಷೆಗೆ ಹೆಚ್ಚು ಉಪಕಾರವಾಗುತ್ತದೆ: ಆದುದರಿಂದ, ಆದರೂ, ಇಲ್ಲದಿದ್ದರೆ, ಮಾತ್ರ ಎಂಬ ಪದಗಳ ನಿಜವಾದ ತೂಕ ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ. ಗಡಿಯಾರ ಹಿಡಿದು ಓಡಿಸುವುದು ಕಲಿಕೆಯ ಹಂತದಲ್ಲಿ ಬೇಡ. ಮೇಲೆ ಕೊಟ್ಟ ಹಾರನಹಳ್ಳಿಯ ಮೂವರ ಒಗಟಿನಂತೆ ತಮ್ಮ ಊರಿನ ಹೆಸರು, ಸಂತೆ, ಬೆಳೆಗಳನ್ನು ಬಳಸಿ ಮಕ್ಕಳೇ ಒಗಟು ಕಟ್ಟಿದರೆ ಇನ್ನೂ ಉತ್ತಮ. ಒಂದೇ ಉತ್ತರ ಬರುವಂತೆ ಸುಳಿವುಗಳನ್ನು ಆರಿಸುವುದು ಬಿಡಿಸುವುದಕ್ಕಿಂತ ಕಠಿಣವಾದ ಕೆಲಸ.

ಸ್ಪರ್ಧೆಗಳು

ವಿಶ್ವ ಸುಡೊಕು ಚಾಂಪಿಯನ್‌ಷಿಪ್ 2006ರಲ್ಲಿ ಇಟಲಿಯ ಲುಕ್ಕಾ ನಗರದಲ್ಲಿ ಆರಂಭವಾಯಿತು. 2008ರ ಸ್ಪರ್ಧೆ ಗೋವೆಯಲ್ಲಿ ನಡೆದು ಅಮೆರಿಕದ ಥಾಮಸ್ ಸ್ನೈಡರ್ ಗೆದ್ದರು. 2017ರ ಅಕ್ಟೋಬರ್‌ನಲ್ಲಿ ವಿಶ್ವ ಸುಡೊಕು ಮತ್ತು ವಿಶ್ವ ಒಗಟು ಚಾಂಪಿಯನ್‌ಷಿಪ್‌ಗಳೆರಡೂ ಬೆಂಗಳೂರಿನಲ್ಲಿ ಜರುಗಿದವು. ಭಾರತದಲ್ಲಿ ಈ ಸ್ಪರ್ಧೆಗಳನ್ನು ಸಂಘಟಿಸಿ ರಾಷ್ಟ್ರೀಯ ತಂಡವನ್ನು ಆರಿಸುವ ಸಂಸ್ಥೆ ಲಾಜಿಕ್ ಮಾಸ್ಟರ್ಸ್ ಇಂಡಿಯಾ.